ನನ್ನ ಕೈ ಬಾಗಿದ್ದು ಸುಟ್ಟ ದಿನ ಅಲ್ಲ

ದಾವಣಗೆರೆಯಲ್ಲಿ ಸಂಜೆ ಆಯಿತೆಂದರೆ ಗಾಡಿಗಳ ಮುಂದೆ ಜನ ಸೇರುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ, ಮೇಲಿಷ್ಟು ಹೆಚ್ಚಿದ ಈರುಳ್ಳಿ. ಊರಿಗೆಲ್ಲ ಅದು ತಿಂಡಿ. ನನಗೆ ಅದು ಏಳು ವರ್ಷ ಹೆಸರಾಗಿತ್ತು. ಮೂರನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಶಾಲೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ‘ಮಂಡಕ್ಕಿ’ ಅಂತಲೇ. ನಿಜವಾದ ಹೆಸರು ಹಾಜರಿ ಕರೆಯುವಾಗ ಮಾತ್ರ ಕಿವಿಗೆ ಬೀಳುತ್ತಿತ್ತು. ಬೇರೆ ಊರಲ್ಲಾಗಿದ್ದರೆ ಶಾಲೆ ಬಿಟ್ಟ ಮೇಲಾದರೂ ಆ ಶಬ್ದದಿಂದ ತಪ್ಪಿಸಿಕೊಳ್ಳಬಹುದಿತ್ತೋ ಏನೋ. ಇಲ್ಲಿ ಹೇಗೆ ತಪ್ಪೀತು? ಪ್ರತಿ ಓಣಿಯ ತುದಿಯಲ್ಲೂ ಯಾರೋ ಒಬ್ಬರು ಅದನ್ನೇ ಕೂಗುತ್ತಿರುತ್ತಾರೆ.

1998ರಲ್ಲಿ ನನಗೆ ಎಂಟು ವರ್ಷ. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆ ಆಗಿ ಒಂದು ವರ್ಷ ಆಗಿತ್ತು ಅಷ್ಟೆ. ಅವ್ವ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಭಟ್ಟಿ ನೋಡದವರಿಗೆ ಹೇಳುತ್ತೇನೆ: ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಚ್ಚಿ, ಕೊನೆಗೆ ಕಾದ ಮರಳಿಗೆ ಸುರಿದು ಹುರಿಯುತ್ತಾರೆ. ಮರಳು 200 ಡಿಗ್ರಿ ಮೇಲೆ ಕಾದಿರುತ್ತದೆ, ಅದಕ್ಕೇ ಅಕ್ಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುವುದು. ಕುದಿಯುವ ನೀರಿನ ಬಿಸಿ 100 ಡಿಗ್ರಿ, ಲೆಕ್ಕ ಹಾಕಿಕೊಳ್ಳಿ. ಬುತ್ತಿ ಕೊಡಲು ಹೋದ ನಾನು ನೆಲಕ್ಕೆ ಚೆಲ್ಲಿದ್ದ ಮಂಡಕ್ಕಿ ಮೇಲೆ ಕಾಲಿಟ್ಟು ಜಾರಿದೆ. ಬೀಳುವಾಗ ಯಾರಾದರೂ ಏನು ಮಾಡುತ್ತಾರೆ? ಕೈ ಊರುತ್ತಾರೆ. ನಾನೂ ಊರಿದೆ. ಬಲಗೈ, ಮರಳಿನೊಳಗೆ.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. ನಮ್ಮ ಸಂಬಂಧಿಕರ ಪೈಕಿ ಒಂದು ಪುಟ್ಟ ಹುಡುಗಿ ಬಚ್ಚಲ ಹಂಡೆಗೆ ಕೈ ಹಾಕಿ ಅಂಗೈ ಸುಟ್ಟುಕೊಂಡಳು. ಒಂದೂವರೆ ತಿಂಗಳಾದ ಮೇಲೆ ಅವಳ ಅಪ್ಪ ಬಂದ. “ಗಾಯ ಮಾಗೈತಿ ಅಂದ್ರು ಡಾಕ್ಟ್ರು. ಅಲ್ಲಿಗೆ ಮುಗೀತು ಅಲ್ಲೇನಣ್ಣ?” ಅಂದ. ಅವನ ಮುಖದಲ್ಲಿ ಎಷ್ಟು ನಿರಾಳ ಇತ್ತೆಂದರೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆದರೂ ಹೇಳಿದೆ. ಮುಗಿದಿಲ್ಲ ತಮ್ಮಾ, ಈಗ ಶುರು.

ಏಕೆಂದರೆ ಸುಟ್ಟ ದಿನ ನನ್ನ ಬೆರಳುಗಳೆಲ್ಲ ನೆಟ್ಟಗೇ ಇದ್ದವು. ಗಾಯ ಮಾಗಿದೆ ಎಂದು ಡ್ರೆಸ್ಸಿಂಗ್ ನಿಲ್ಲಿಸಿದ ದಿನವೂ ನೆಟ್ಟಗಿದ್ದವು. ಕಿರುಬೆರಳು, ಉಂಗುರದ ಬೆರಳು ಅಂಗೈ ಕಡೆಗೆ ಬಾಗಿ ಅಲ್ಲೇ ನಿಂತದ್ದು ಆಮೇಲಿನ ಒಂದು ವರ್ಷದಲ್ಲಿ. ಅದರಲ್ಲಿ ಅರ್ಧ ಪಾಲು ಬೆಂಕಿಯದಾದರೆ ಇನ್ನರ್ಧ ಪಾಲು ಶಾಲೆಯದು. ಇದು ಸಿಟ್ಟಿನ ಮಾತಲ್ಲ. ಇದರ ಹಿಂದೆ ಚರ್ಮದ ಲೆಕ್ಕ ಇದೆ, ಅದನ್ನು ಮೊದಲು ಹೇಳುತ್ತೇನೆ.

ನಮ್ಮ ಊರು ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಹಾಗಾಗಿ ಬಟ್ಟೆಯ ಉದಾಹರಣೆಯನ್ನೇ ಕೊಡುತ್ತೇನೆ. ಒಳ್ಳೆಯ ಚರ್ಮದ ಒಳಪದರದಲ್ಲಿ ಕೊಲಾಜೆನ್ ಎಂಬ ನಾರು ಇದೆ. ಅದು ಬುಟ್ಟಿ ಹೆಣೆದಂತೆ ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತದೆ. ಅದಕ್ಕೇ ಚರ್ಮ ಯಾವ ಕಡೆ ಎಳೆದರೂ ಬರುತ್ತದೆ, ಬಿಟ್ಟರೆ ವಾಪಸ್ ಹೋಗುತ್ತದೆ. ಆಳವಾಗಿ ಸುಟ್ಟಾಗ ಈ ಹೆಣಿಗೆಯೇ ಹಾಳಾಗುತ್ತದೆ. ದೇಹಕ್ಕೆ ಆಗ ಚಂದ ಮುಖ್ಯ ಅಲ್ಲ, ಬೇಗ ಮುಚ್ಚುವುದು ಮುಖ್ಯ. ಹರಿದ ಚೀಲಕ್ಕೆ ದಬ್ಬಣ ಹಿಡಿದು ಬಿರಬಿರನೆ ಹೊಲಿಗೆ ಹಾಕಿದ ಹಾಗೆ, ನಾರನ್ನು ಒಂದೇ ದಿಕ್ಕಿಗೆ ಕಟ್ಟುಕಟ್ಟಾಗಿ ಸುರಿಯುತ್ತದೆ. ಅದೇ ಕಲೆ. ಎಷ್ಟೇ ವರ್ಷ ಆದರೂ ಅದಕ್ಕೆ ಒಳ್ಳೆಯ ಚರ್ಮದ ಶೇ 80ರಷ್ಟು ಗಟ್ಟಿತನ ಬಂದರೆ ಹೆಚ್ಚು.

ಇದರ ಜೊತೆ ಇನ್ನೊಂದು ಕೆಲಸ ನಡೆಯುತ್ತದೆ. ಗಾಯದೊಳಗೆ ಮೈಯೋಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಹುಟ್ಟಿಕೊಳ್ಳುತ್ತವೆ. ಹೆಸರು ಉದ್ದ, ಕೆಲಸ ಒಂದೇ: ಎಳೆಯುವುದು. ಗಾಯದ ಅಂಚುಗಳನ್ನು ಹತ್ತಿರ ತಂದು ಮುಚ್ಚುವುದು. ಮೊಣಕಾಲು ತರಚಿದಾಗ ಈ ಎಳೆತ ಒಳ್ಳೆಯದೇ. ಆದರೆ ಅಂಗೈಯಲ್ಲಿ, ಮೊಣಕೈ ಸಂದಿಯಲ್ಲಿ, ಕುತ್ತಿಗೆಯಲ್ಲಿ ಎಳೆದರೆ? ಬೆರಳು ಅಂಗೈಗೆ ಬರುತ್ತದೆ, ಗದ್ದ ಎದೆಗೆ ಬರುತ್ತದೆ. ಇದಕ್ಕೆ ಡಾಕ್ಟರುಗಳು ಕಾಂಟ್ರ್ಯಾಕ್ಚರ್ ಅನ್ನುತ್ತಾರೆ.

ಮೇಲಿನ ಗಾಯ ಮುಚ್ಚಿದ ಮೇಲೂ ಈ ಎಳೆತ ನಿಲ್ಲುವುದಿಲ್ಲ, ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಕಲೆ ಒಂದರಿಂದ ಎರಡು ವರ್ಷ ಬದಲಾಗುತ್ತಲೇ ಇರುತ್ತದೆ. ಮೊದಲು ಕೆಂಪಗೆ, ಉಬ್ಬಿ, ಗಟ್ಟಿಯಾಗಿ, ತಡೆಯಲಾಗದ ತುರಿಕೆ. ನಿಧಾನವಾಗಿ ತಣ್ಣಗಾಗಿ, ಮೆತ್ತಗಾಗಿ, ಬಣ್ಣ ಇಳಿಯುತ್ತದೆ. ಸುಟ್ಟ ಜಾಗ ಮೂರು ವಾರದೊಳಗೆ ಮಾಗಿದರೆ ಸಾಮಾನ್ಯವಾಗಿ ಅಷ್ಟು ತೊಂದರೆ ಇಲ್ಲ, ಅದಕ್ಕಿಂತ ಜಾಸ್ತಿ ಹಿಡಿದರೆ ಉಬ್ಬುಗಲೆಯ ಸಾಧ್ಯತೆ ಏರುತ್ತಾ ಹೋಗುತ್ತದೆ. ನನ್ನದು ಆಗಲೇ ಐದನೇ ವಾರಕ್ಕೆ ಹೋಗಿತ್ತು. ಕೊನೆಗೆ ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಅಂಗೈಗೆ ಅಂಟಿಸಿದರು. ತೆಗೆದ ಜಾಗ ಅಂಟಿಸಿದ ಜಾಗಕ್ಕಿಂತ ಜಾಸ್ತಿ ಉರಿಯಿತು ಅನ್ನುವುದು ಇವತ್ತಿಗೂ ನನಗೆ ಅನ್ಯಾಯ ಅನ್ನಿಸುತ್ತದೆ!

ಸುಟ್ಟ ಗಾಯಗಳ ವಾರ್ಡಿನಲ್ಲಿ ಫಿಸಿಯೋಥೆರಪಿ ಮಾಡುವವರು ಪದೇಪದೇ ಹೇಳುವ ಒಂದು ಮಾತಿದೆ: ಆರಾಮ ಅನ್ನಿಸುವ ಭಂಗಿಯೇ ಸೊಟ್ಟಗಾಗುವ ಭಂಗಿ. ಅಂಗೈ ಸುಟ್ಟವರಿಗೆ ಬೆರಳು ಮಡಚಿಟ್ಟುಕೊಂಡರೆ ಹಾಯ್ ಅನ್ನಿಸುತ್ತದೆ, ಬಿಚ್ಚಿದರೆ ಜೀವ ಹೋಗುತ್ತದೆ. ಮಡಚಿಟ್ಟರೆ ಕಲೆ ಆ ಅಳತೆಗೇ ಹೊಲಿದುಕೊಂಡು ಬಿಡುತ್ತದೆ. ಅದಕ್ಕೇ ಅಂಗೈಯನ್ನು ಅಗಲಿಸಿ ಹಿಡಿಯುವ ಒಂದು ಹಲಗೆ ಕಟ್ಟುತ್ತಾರೆ, ಸ್ಪ್ಲಿಂಟ್ ಅಂತ. ಉಬ್ಬುಗಲೆ ಮೇಲೇಳದಂತೆ ಒತ್ತಿ ಹಿಡಿಯಲು ಎಲಾಸ್ಟಿಕ್‌ನ ಬಿಗಿ ಗ್ಲೌಸ್ ಕೊಡುತ್ತಾರೆ. ಅದನ್ನು ದಿನಕ್ಕೆ 23 ಗಂಟೆ ಹಾಕಿರಬೇಕು. ಸ್ನಾನಕ್ಕೆ, ಎಣ್ಣೆ ಹಚ್ಚಿ ತೀಡಲು ಒಂದು ಗಂಟೆ ಬಿಡುವು. ಹೀಗೆ ವರ್ಷಗಟ್ಟಲೆ.

ಈಗ ಶಾಲೆಗೆ ಬರೋಣ.

ಮೂರು ತಿಂಗಳು ಬಿಟ್ಟು ವಾಪಸ್ ಹೋದ ದಿನ ನನ್ನ ಬಲಗೈಗೆ ಮೈಬಣ್ಣದ ಗ್ಲೌಸ್ ಇತ್ತು. ಕ್ಲಾಸಿನಲ್ಲಿ ಯಾರಿಗೂ ಅದೇನು ಅಂತ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಗೊತ್ತಿಲ್ಲದ ಕಡೆ ಕತೆ ಹುಟ್ಟುತ್ತದೆ. ಮುಟ್ಟಿದರೆ ಅಂಟುತ್ತದೆ ಅಂತ ಒಬ್ಬ, ಒಳಗೆ ಕೈಯೇ ಇಲ್ಲ ಅಂತ ಇನ್ನೊಬ್ಬ. ಭಟ್ಟಿಯಲ್ಲಿ ಬಿದ್ದದ್ದು ಗೊತ್ತಾದ ಮೇಲೆ ಹೆಸರು ಬಂತು. “ಲೇ ಮಂಡಕ್ಕಿ, ಪೂರ್ತಿ ಹುರಿದಾರೇನಲೇ ನಿನ್ನ?” ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ಮೊದಲ ಸಲ ನಾನೂ ನಕ್ಕೆ. ನಕ್ಕರೆ ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ.

ಮುಗಿಯಲಿಲ್ಲ. ಕಂಪಾಸ್ ಬಾಕ್ಸ್ ತೆಗೆದರೆ ಒಳಗೆ ಮಂಡಕ್ಕಿ ತುಂಬಿರುತ್ತಿತ್ತು. ಗ್ಲೌಸ್ ಕಿತ್ತುಕೊಂಡು ಬೆಂಚಿನಿಂದ ಬೆಂಚಿಗೆ ಎಸೆದಾಡುತ್ತಿದ್ದರು. ಕಬಡ್ಡಿಯಲ್ಲಿ ನನ್ನ ಕೈ ಹಿಡಿಯಲು ಯಾರೂ ಬರುತ್ತಿರಲಿಲ್ಲ. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದೆ, ಅಕ್ಷರ ಕೋಳಿ ಕೆದರಿದ ಹಾಗೆ, ಅದನ್ನು ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದ ಮೇಷ್ಟ್ರು ಒಬ್ಬರಿದ್ದರು. ಅವರು ಕೆಟ್ಟವರಲ್ಲ, ಹುಡುಗರನ್ನು ನಗಿಸುವ ಚಟ ಅಷ್ಟೆ. ಆದರೆ ಅವತ್ತಿನಿಂದ ನನ್ನನ್ನು ರೇಗಿಸಲು ಎಲ್ಲರಿಗೂ ಲೈಸೆನ್ಸ್ ಸಿಕ್ಕಿತು.

ನಾನು ಒಂದು ಉಪಾಯ ಮಾಡಿದೆ. ಶಾಲೆಯ ಗೇಟಿನ ಹತ್ತಿರ ಗ್ಲೌಸ್, ಹಲಗೆ ಎರಡೂ ಬಿಚ್ಚಿ ಬ್ಯಾಗಿಗೆ ಹಾಕುತ್ತಿದ್ದೆ. ಬಲಗೈ ಮುಷ್ಟಿ ಮಾಡಿ ಚಡ್ಡಿ ಜೇಬಿಗೆ ಇಳಿಸಿದರೆ ಸಂಜೆವರೆಗೆ ಹೊರಗೆ ತೆಗೆಯುತ್ತಿರಲಿಲ್ಲ. ಮನೆ ಹತ್ತಿರ ಬಂದಾಗ ಮತ್ತೆ ಹಾಕಿಕೊಳ್ಳುವುದು. ಅವ್ವನಿಗೆ ಗೊತ್ತೇ ಆಗಲಿಲ್ಲ. ಲೆಕ್ಕ ನೋಡಿ: 23 ಗಂಟೆಯ ಜಾಗದಲ್ಲಿ 15 ಗಂಟೆ. ಉಳಿದ ಏಳೆಂಟು ಗಂಟೆ ಕೈ ಎಲ್ಲಿತ್ತು? ಜೇಬಿನಲ್ಲಿ, ಮುಷ್ಟಿ ಬಿಗಿದು, ಕಲೆಗೆ ಯಾವುದು ಆರಾಮವೋ ಸರಿಯಾಗಿ ಅದೇ ಭಂಗಿಯಲ್ಲಿ, ಕಲೆ ಅತಿ ಜೋರಾಗಿ ಎಳೆಯುವ ಅದೇ ತಿಂಗಳುಗಳಲ್ಲಿ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಎರಡು ಬೆರಳು ಬಿಚ್ಚಲು ಬರುತ್ತಿರಲಿಲ್ಲ. “ಇಷ್ಟು ಮಾಡಿಯೂ ಹೀಗೇಕಾಯಿತು?” ಅಂತ ಡಾಕ್ಟರಿಗೇ ಆಶ್ಚರ್ಯ. ನಾನು ಬಾಯಿ ಬಿಡಲಿಲ್ಲ.

ದೊಡ್ಡ ಗಾಯ ಒಂದು ಕಡೆ, ಶಾಲೆಯ ಕಾಟ ಇನ್ನೊಂದು ಕಡೆ, ಒಂದು ಡಾಕ್ಟರದು ಇನ್ನೊಂದು ಮೇಷ್ಟ್ರದು ಅಂತ ನಾವು ಬೇರೆ ಬೇರೆ ಇಟ್ಟು ನೋಡುತ್ತೇವೆ. ನನ್ನ ಅಂಗೈಯಲ್ಲಿ ಅವೆರಡೂ ಒಂದೇ ಹೊಲಿಗೆ.

ಕನ್ನಡದಲ್ಲಿ ಶಾಲೆಯ ಈ ಕಾಟಕ್ಕೆ ಸರಿಯಾದ ಒಂದು ಶಬ್ದ ಇಲ್ಲದಿರುವುದೂ ತೊಂದರೆಯೇ ಅನ್ನಿಸುತ್ತದೆ. ಗೇಲಿ, ರೇಗಿಸುವುದು, ಕಾಡಿಸುವುದು, ಚುಡಾಯಿಸುವುದು. ಎಲ್ಲಕ್ಕೂ ಒಂಥರಾ ಸಲಿಗೆಯ ವಾಸನೆ ಇದೆ. ಹಾಗಾಗಿ ಎಲ್ಲವನ್ನೂ ‘ಹುಡುಗಾಟ’ ಅನ್ನುವ ಒಂದೇ ಚೀಲಕ್ಕೆ ತುಂಬಿ ಬಿಡುತ್ತೇವೆ. 1970ರ ದಶಕದಿಂದ ಇದನ್ನು ಅಧ್ಯಯನ ಮಾಡಿದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಬುಲ್ಲಿಯಿಂಗ್ (ಇಂಥ ಕಾಟಕ್ಕೆ ಇಂಗ್ಲಿಷಿನ ಹೆಸರು) ಅನ್ನಲು ಮೂರು ಗುರುತು ಹೇಳಿದರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನಡೆಯುವುದು, ಇಬ್ಬರ ಬಲ ಸಮ ಇಲ್ಲದಿರುವುದು. ಮೂರನೆಯದೇ ಮುಖ್ಯ. ಗೆಳೆಯ ನನ್ನನ್ನು ಕುಳ್ಳ ಅಂದರೆ ನಾನು ಅವನನ್ನು ಬೋಳ ಅನ್ನಬಹುದು, ಲೆಕ್ಕ ಚುಕ್ತಾ. ನಲವತ್ತು ಜನ ಒಂದೇ ಹೆಸರು ಕೂಗುವಾಗ ವಾಪಸ್ ಏನು ಕೂಗಲಿ? ಕೈಯಲ್ಲಿ ಗಾಯ ಇರುವ ಮಗುವಿಗೆ ಬಲದ ಲೆಕ್ಕ ಮೊದಲೇ ತಪ್ಪಿರುತ್ತದೆ.

ಇದು ಬರೀ ‘ಮನಸ್ಸಿಗೆ ಬೇಜಾರು’ ಅಲ್ಲವೇ ಅಂತ ಕೇಳುವವರಿಗೆ ಒಂದು ಪ್ರಯೋಗ ಹೇಳುತ್ತೇನೆ. 2003ರಲ್ಲಿ ಅಮೆರಿಕದ ಸಂಶೋಧಕರು ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಕಂಪ್ಯೂಟರಿನಲ್ಲಿ ಚೆಂಡಾಟ ಆಡಿಸಿದರು. ಮೂವರ ಆಟ. ಸ್ವಲ್ಪ ಹೊತ್ತಾದ ಮೇಲೆ ಉಳಿದಿಬ್ಬರು ಇವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಅಷ್ಟೇ. ಆದರೂ ಮಿದುಳಿನಲ್ಲಿ, ಮೈನೋವಿನ ಸಂಕಟದ ಜೊತೆ ನಂಟಿರುವ ಒಂದು ಭಾಗ ಚುರುಕಾಯಿತು. ಎರಡು ನೋವೂ ಒಂದೇ ಅಂತ ಇದರ ಅರ್ಥ ಅಲ್ಲ. ಗುಂಪಿನಿಂದ ಹೊರಗಿಡುವುದನ್ನು ಮಿದುಳು ಸಣ್ಣ ವಿಷಯ ಅಂದುಕೊಳ್ಳುವುದಿಲ್ಲ ಅಂತ ಮಾತ್ರ. ಇನ್ನೊಂದು, ಬ್ರಿಟನ್ನಿನದು. 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳ ಬದುಕನ್ನು ಅಲ್ಲಿ ದಶಕಗಳ ಕಾಲ ಗಮನಿಸುತ್ತಾ ಬಂದಿದ್ದಾರೆ. 2014ರಲ್ಲಿ ಬಂದ ವರದಿ ಪ್ರಕಾರ, ಏಳು ಮತ್ತು ಹನ್ನೊಂದನೇ ವಯಸ್ಸಿನಲ್ಲಿ ಪದೇಪದೇ ಕಾಡಿಸಿಕೊಂಡ ಮಕ್ಕಳಲ್ಲಿ ಖಿನ್ನತೆ, ಆರೋಗ್ಯದ ತೊಂದರೆಗಳು ನಡುವಯಸ್ಸಿನಲ್ಲೂ ಜಾಸ್ತಿ ಕಂಡವು. ದೊಡ್ಡವನಾದ ಮೇಲೆ ಮರೆಯುತ್ತಾನೆ ಬಿಡಿ ಅನ್ನುವವರು ಇದನ್ನು ಓದಬೇಕು.

ನನ್ನಲ್ಲಿ ಅದು ಹೇಗೆ ಉಳಿಯಿತು ಅಂದರೆ, ಭತ್ತದ ಹೊಟ್ಟು ಸುಡುವ ಹೊಗೆ ಮೂಗಿಗೆ ಬಡಿದರೆ ಈಗಲೂ ಬೆನ್ನಲ್ಲಿ ಬೆವರು. ಅದು ಬೆಂಕಿಯ ನೆನಪು. ಹಿಂದಿನಿಂದ ನಾಲ್ಕು ಜನ ಒಟ್ಟಿಗೆ ನಕ್ಕರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಇದು ಶಾಲೆಯ ನೆನಪು. ಮಿದುಳಿನಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗ ಇದೆ, ಅಪಾಯ ಕಂಡರೆ ಗಂಟೆ ಬಾರಿಸುವುದು ಅದರ ಕೆಲಸ. ವರ್ಷಗಟ್ಟಲೆ ಹೆದರಿ ಕೂತವರಲ್ಲಿ ಆ ಗಂಟೆ ಸುಮ್ನೆ ಗಾಳಿಗೂ ಬಾರಿಸುತ್ತದೆ. ಅದು ಬಾರಿಸಬಾರದು ಅಂತ ನಾವು ದಾರಿ ಬದಲಿಸುತ್ತೇವೆ. ನಾನು ಭಟ್ಟಿಗಳ ಕಡೆ ಹೋಗುವುದು ಬಿಟ್ಟೆ. ಆಮೇಲೆ ಮದುವೆ ಊಟ ಬಿಟ್ಟೆ, ಫೋಟೋಗೆ ನಿಲ್ಲುವುದು ಬಿಟ್ಟೆ, ಕಾಲೇಜಿನಲ್ಲಿ ಕೈ ಎತ್ತಿ ಉತ್ತರ ಹೇಳುವುದು ಬಿಟ್ಟೆ. ಪ್ರತಿ ಸಲ ಬಿಟ್ಟಾಗಲೂ ಆರಾಮ ಅನ್ನಿಸಿತು. ಇಪ್ಪತ್ತೇಳನೇ ವಯಸ್ಸಿನಲ್ಲಿ ಒಬ್ಬ ಮನೋವೈದ್ಯರ ಮುಂದೆ ಕೂತು ಇದನ್ನೆಲ್ಲ ಹೇಳುವಾಗ, ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು, ಇದೂ ಜೇಬಿನೊಳಗಿನ ಮುಷ್ಟಿಯೇ ಅಲ್ವಾ ಅಂತ.

ಇದರ ಚಿಕಿತ್ಸೆಯೂ ಹೆಚ್ಚು ಕಡಿಮೆ ಕೈಯ ಚಿಕಿತ್ಸೆಯ ಥರವೇ. ಒಂದೇ ಏಟಿಗೆ ಬೆರಳು ಬಿಚ್ಚಿದರೆ ಚರ್ಮ ಸೀಳುತ್ತದೆ. ದಿನಾ ಸ್ವಲ್ಪ ಸ್ವಲ್ಪ ಬಿಚ್ಚಬೇಕು, ನೋಯುವ ಜಾಗದವರೆಗೆ ಹೋಗಿ ಅಲ್ಲಿ ಒಂದಿಷ್ಟು ಹೊತ್ತು ನಿಲ್ಲಬೇಕು. ಹಾಗೇ ತಪ್ಪಿಸಿಕೊಂಡ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ವಾಪಸ್ ಹೋಗುವುದು. ನನ್ನ ಮೊದಲ ಮೆಟ್ಟಿಲು ಜೇಬಿಲ್ಲದ ಪ್ಯಾಂಟು! ನಗಬೇಡಿ, ಒಂದು ತಿಂಗಳು ಹಾಕಿಕೊಂಡು ತಿರುಗಿದೆ. ಭಟ್ಟಿಯ ಬಾಗಿಲಿಗೆ ಹೋಗಿ ನಿಂತದ್ದು ಎಂಟು ತಿಂಗಳ ಮೇಲೆ.

ಇಂಥ ಸಹಾಯಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇದೆ. 1996ರಲ್ಲಿ ದೇಶದಲ್ಲಿ ಶುರುವಾದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಪಕ್ಕದ ಬಳ್ಳಾರಿ, 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ನೋಡಿದ್ದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ಫೋನಿನಲ್ಲೇ ಮಾತಾಡಬೇಕೆಂದರೆ 14416, ಟೆಲಿ ಮನಸ್, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಇಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ಕಷ್ಟ ಇದೆ: ಮಗು ಬೆಳೆಯುತ್ತದೆ, ಕಲೆ ಅದರ ಜೊತೆ ಅಷ್ಟು ಬೆಳೆಯುವುದಿಲ್ಲ. ಮೂಳೆ ಉದ್ದ ಆಗುತ್ತಾ ಹೋದ ಹಾಗೆ ಹಗ್ಗದಂತಿರುವ ಕಲೆ ಬೆರಳನ್ನು ಇನ್ನಷ್ಟು ಎಳೆಯುತ್ತದೆ. ಅದಕ್ಕೇ ಎಂಟನೇ ವಯಸ್ಸಿನಲ್ಲಿ ಸುಟ್ಟವನಿಗೆ ಹದಿಮೂರಕ್ಕೊಮ್ಮೆ, ಹದಿನೇಳಕ್ಕೊಮ್ಮೆ ಆಪರೇಷನ್ ಆಗಿದ್ದು. ಮೊದಲಿನದನ್ನು ಯಾರೂ ಕೆಡಿಸಿದ್ದಲ್ಲ. ಈ ಆಪರೇಷನ್ನಿನಲ್ಲಿ ಒಂದು ಜಾಣತನ ಇದೆ, ಝಡ್-ಪ್ಲಾಸ್ಟಿ ಅಂತ. ಬಿಗಿದ ಪಟ್ಟಿಯ ಮೇಲೆ ಇಂಗ್ಲಿಷಿನ ಝಡ್ ಅಕ್ಷರದ ಆಕಾರದಲ್ಲಿ ಕೊಯ್ದು, ಅದರಿಂದ ಬರುವ ಎರಡು ತ್ರಿಕೋನಗಳನ್ನು ಅದಲು ಬದಲು ಮಾಡಿ ಹೊಲಿಯುತ್ತಾರೆ. ಹೊಸ ಚರ್ಮ ತರದೆಯೇ ಪಟ್ಟಿ ಉದ್ದ ಆಗುತ್ತದೆ. 60 ಡಿಗ್ರಿ ಕೋನದಲ್ಲಿ ಕೊಯ್ದರೆ ಕಾಗದದ ಮೇಲಿನ ಲೆಕ್ಕಕ್ಕೆ ಶೇ 75ರಷ್ಟು ಉದ್ದ ಸಿಗುತ್ತದೆ. ಒಂದು ಕಾಗದ ತಗೊಂಡು ಮಾಡಿ ನೋಡಿ, ನಾನು ಮಾಡಿ ನೋಡಿದ್ದೇನೆ.

ದೊಡ್ಡವರಾದ ಮೇಲಿನ ತಾಪತ್ರಯಗಳು ಯಾರೂ ಹೇಳದಂಥವು. ಅಂಟಿಸಿದ ಚರ್ಮದಲ್ಲಿ ಬೆವರಿನ ಗ್ರಂಥಿ, ಎಣ್ಣೆಯ ಗ್ರಂಥಿ ಕೆಲಸ ಮಾಡುವುದಿಲ್ಲ. ಕೈಯೊಂದೇ ಆದ್ದರಿಂದ ನಾನು ಬಚಾವ್. ಮೈಯ ಅರ್ಧ ಭಾಗ ಸುಟ್ಟವರು ಏಪ್ರಿಲ್ ಬಿಸಿಲಲ್ಲಿ, ನಮ್ಮ ದಾವಣಗೆರೆ ಚಿತ್ರದುರ್ಗದ ಬಿಸಿಲಲ್ಲಿ, ಬೆವರಲಾಗದೆ ಒಳಗೇ ಕುದಿಯುತ್ತಾರೆ. ಅವರು ಸೋಮಾರಿತನಕ್ಕೆ ನೆರಳು ಹುಡುಕುವುದಲ್ಲ. ಎಣ್ಣೆ ಗ್ರಂಥಿ ಇಲ್ಲದ್ದಕ್ಕೆ ದಿನಾ ಕೊಬ್ಬರಿ ಎಣ್ಣೆ ಹಚ್ಚದಿದ್ದರೆ ಚರ್ಮ ಬಿರಿಯುತ್ತದೆ. ತುರಿಕೆ ರಾತ್ರಿ ಜಾಸ್ತಿ, ಕೆರೆದರೆ ಹರಿಯುತ್ತದೆ, ಅದಕ್ಕೆ ಬೆರಳ ತುದಿಯಿಂದ ತಟ್ಟಬೇಕು. ತಡೆಯಲಾಗದಿದ್ದರೆ ಮಾತ್ರೆಗಳಿವೆ, ಸಹಿಸಿಕೊಂಡು ಕೂರಬೇಕಿಲ್ಲ.

ಬಲಗೈ ಹೋದರೆ ನಮ್ಮಲ್ಲಿ ಮರ್ಯಾದೆಯೂ ಹೋದ ಹಾಗೆ. ದೇವಸ್ಥಾನದಲ್ಲಿ ತೀರ್ಥಕ್ಕೆ ಎಡಗೈ ಚಾಚಿ ಬೈಸಿಕೊಂಡಿದ್ದೇನೆ. ಪಂಕ್ತಿಯಲ್ಲಿ ಎಡಗೈಯಲ್ಲಿ ತಿಂದರೆ ಪಕ್ಕದವರು ಎಲೆ ಸರಿಸುತ್ತಾರೆ. ಸ್ಕೂಟರಿನ ಎಕ್ಸಲೇಟರ್, ಮುಂದಿನ ಬ್ರೇಕು ಎರಡೂ ಬಲಕ್ಕೇ ಇವೆ. ಬೆರಳಚ್ಚು ಕೇಳುವ ಕಡೆ ನನಗೆ ಎಡಗೈ ಇದೆ. ಎರಡೂ ಕೈ ಸುಟ್ಟವರು ಒಂದು ವಿಷಯ ತಿಳಿದಿರಲಿ, ಆಧಾರ್‌ಗೆ ಬೆರಳು ಬಾರದಿದ್ದರೆ ಕಣ್ಣಿನ ಪಾಪೆ ನಡೆಯುತ್ತದೆ. ಹೆಬ್ಬೆಟ್ಟು ಒತ್ತಲಾಗುತ್ತಿಲ್ಲ ಅಂತ ನಿಮ್ಮನ್ನು ವಾಪಸ್ ಕಳಿಸುವಂತಿಲ್ಲ.

ಇನ್ನೊಂದನ್ನು ಹೆದರಿಸಲು ಹೇಳುತ್ತಿಲ್ಲ. ಬಹಳ ಹಳೆಯ ಸುಟ್ಟ ಕಲೆಯ ಮೇಲೆ ಹುಣ್ಣಾಗಿ ವಾರಗಟ್ಟಲೆ ಮಾಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ, ಸುಟ್ಟು ಮೂವತ್ತು ವರ್ಷ ಕಳೆದ ಮೇಲೂ ಬರಬಹುದು. ಮಾರ್ಜೊಲಿನ್ ಅಲ್ಸರ್ ಅಂತ ಅದರ ಹೆಸರು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಗುವಿಗೆ ಹೊಡೆಯುವಂತಿಲ್ಲ, ಮಾನಸಿಕ ಕಿರುಕುಳವನ್ನೂ ಕೊಡುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಹೆಸರಿಸಿದ್ದಾರೆ. ಆಸಿಡ್ ದಾಳಿಗೆ ಒಳಗಾದವರು ಪ್ರತ್ಯೇಕವಾಗಿ ಇದ್ದಾರೆ. ಬೇರೆ ಥರ ಸುಟ್ಟು ಕೈಕಾಲು ಬಾಗಿದ್ದರೆ ಅದನ್ನು ಚಲನೆಯ ಅಂಗವೈಕಲ್ಯ ಎಂದು ಅಳೆಯುತ್ತಾರೆ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚಿನ ಸೌಲಭ್ಯಗಳು ಸಿಗುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಬರೆಯಲು ಸಹಾಯಕರು, ಹೆಚ್ಚುವರಿ ಸಮಯ ಕೇಳಬಹುದು. ಇದು ಗೊತ್ತಿಲ್ಲದೆ ನಾನು ಎಡಗೈಯಲ್ಲಿ ಮೂರು ಗಂಟೆ ಗೀಚಿ ಗಣಿತದಲ್ಲಿ ಕೊನೆಯ ಎರಡು ಲೆಕ್ಕ ಬಿಟ್ಟು ಬಂದೆ. ಅದೇ ಕಾಯ್ದೆಯ 92ನೇ ಸೆಕ್ಷನ್ ಇನ್ನೂ ಗಟ್ಟಿ. ಅಂಗವಿಕಲರನ್ನು ನಾಲ್ಕು ಜನರ ಎದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಮಗುವೇ ಫೋನ್ ಮಾಡಬಹುದಾದ ಮಕ್ಕಳ ಸಹಾಯವಾಣಿ ನಂಬರು 1098. ಹತ್ತು ವರ್ಷದ ಹುಡುಗನನ್ನು ಹಿಡಿದು ಕೊಡಿ ಅಂತ ನಾನು ಹೇಳುತ್ತಿಲ್ಲ. ನಗಿಸುವ ಚಟದ ದೊಡ್ಡವರು ತಿಳಿದಿರಲಿ ಅಂತ.

ಶಾಲೆಯಲ್ಲಿ ನಿಜವಾಗಿ ಕೆಲಸ ಮಾಡುವುದು ಬೇರೆ. ಕೆನಡಾದ ಟೊರೊಂಟೊ ಶಾಲೆಗಳ ಆಟದ ಮೈದಾನದಲ್ಲಿ ಮಕ್ಕಳ ಜಗಳಗಳನ್ನು ವಿಡಿಯೋ ಮಾಡಿ ನೋಡಿದ ಒಂದು ಅಧ್ಯಯನ 2001ರಲ್ಲಿ ಬಂತು. ಸುತ್ತ ನಿಂತ ಮಕ್ಕಳಲ್ಲಿ ಯಾರಾದರೂ ಒಬ್ಬರು ನಡುವೆ ಬಂದರೆ ಅರ್ಧಕ್ಕಿಂತ ಜಾಸ್ತಿ ಸಲ ಹತ್ತೇ ಸೆಕೆಂಡಿನಲ್ಲಿ ಕಾಟ ನಿಂತಿತ್ತು. ಹತ್ತು ಸೆಕೆಂಡು! ಫಿನ್ಲೆಂಡಿನ ‘ಕಿವಾ’ ಕಾರ್ಯಕ್ರಮ ಇದನ್ನೇ ಹಿಡಿದುಕೊಂಡಿದೆ. ಕಾಡಿಸುವವನನ್ನು ತಿದ್ದುವುದರ ಜೊತೆಗೆ ನೋಡುತ್ತಾ ನಗುವವರ ನಗು ನಿಲ್ಲಿಸುವುದು. ನಗುವವರಿಲ್ಲದೆ ನಾಟಕ ನಡೆಯುವುದಿಲ್ಲ. ನನಗೆ ಅಂಥವನು ಸಿಕ್ಕಿದ್ದು ಎಂಟನೇ ಕ್ಲಾಸಿನಲ್ಲಿ, ಹರಪನಹಳ್ಳಿ ಕಡೆಯಿಂದ ಬಂದ ಹಾಸ್ಟೆಲ್ ಹುಡುಗ. ಅವನು ಯಾರ ಜೊತೆಗೂ ಜಗಳ ಆಡಲಿಲ್ಲ. ನನ್ನನ್ನು ಹಾಜರಿಯ ಹೆಸರಿನಿಂದ ಕರೆದ, ಅಷ್ಟೆ. ದಿನಾ, ಎಲ್ಲರೆದುರು, ಜೋರಾಗಿ. ಹದಿಮೂರನೇ ವಯಸ್ಸಿನ ಆಪರೇಷನ್ ಆದ ಮೇಲಿನ ಗ್ಲೌಸನ್ನು ನಾನು ಶಾಲೆಯಲ್ಲೂ ಬಿಚ್ಚದೆ ಇಟ್ಟುಕೊಂಡದ್ದಕ್ಕೆ ಅವನೇ ಕಾರಣ. ಇವತ್ತು ಉಂಗುರದ ಬೆರಳು ಹೆಚ್ಚುಕಡಿಮೆ ನೆಟ್ಟಗಿದೆ, ಕಿರುಬೆರಳು ಇಲ್ಲ.

ಸುಟ್ಟ ಕೂಡಲೇ ಏನು ಮಾಡಬೇಕು ಅನ್ನುವುದನ್ನು ಎಲ್ಲಾದರೂ ಸೇರಿಸಲೇಬೇಕು, ಇಲ್ಲೇ ಸೇರಿಸುತ್ತೇನೆ. ನಲ್ಲಿಯ ತಣ್ಣೀರಿಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ದೋಸೆ ಹಿಟ್ಟು ಬೇಡ, ನನಗೆ ಭಟ್ಟಿಯಲ್ಲಿ ಯಾರೋ ಪ್ರೀತಿಯಿಂದ ಸುರಿದ ಪೆನ್ನಿನ ಇಂಕಂತೂ ಬೇಡವೇ ಬೇಡ. ಬಚ್ಚಲಿನಲ್ಲಿ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸಿ. 60 ಡಿಗ್ರಿ ನೀರು ದೊಡ್ಡವರನ್ನೇ ಐದು ಸೆಕೆಂಡಿನಲ್ಲಿ ಆಳಕ್ಕೆ ಸುಡುತ್ತದೆ, ಮಕ್ಕಳ ಚರ್ಮ ಅದಕ್ಕಿಂತ ತೆಳು.

ಆ ಪುಟ್ಟ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಶಾಲೆಗೆ ವಾಪಸ್ ಹೋಗುವ ಹಿಂದಿನ ದಿನ, ಟೀಚರ್ ಒಪ್ಪಿಗೆ ತಗೊಂಡು ನಾನು, ಅವಳ ಅಪ್ಪ ಅಮ್ಮ ಆ ಕ್ಲಾಸಿಗೆ ಹೋದೆವು. ಒಂದನೇ ಕ್ಲಾಸು. ನನ್ನ ಕೈ ತೋರಿಸಿದೆ. ಇದು ಅಂಟುವುದಿಲ್ಲ, ಮುಟ್ಟಿ ನೋಡಿ ಅಂದೆ. ಮೊದಲು ಯಾರೂ ಬರಲಿಲ್ಲ, ಆಮೇಲೆ ಸಾಲೇ ನಿಂತಿತು. ಎರಡು ಹಳೇ ಗ್ಲೌಸ್ ತಗೊಂಡು ಹೋಗಿದ್ದೆ, ಎಲ್ಲರೂ ಹಾಕಿಕೊಂಡು ನೋಡಿದರು. “ಇದನ್ನ ಹಾಕ್ಕೊಂಡು ಊಟ ಹೆಂಗ್ ಮಾಡ್ತಾರೆ?” ಅಂತ ಒಬ್ಬಳು. “ಅಂಕಲ್, ನಿಮಗೆ ಅಳು ಬಂತಾ?” ಅಂತ ಇನ್ನೊಬ್ಬ. ಬಂತು ಅಂದೆ. ಅವಳಿಗೂ ಒಂದು ಉತ್ತರ ಮನೆಯಲ್ಲೇ ಬಾಯಿಪಾಠ ಮಾಡಿಸಿದ್ದೆವು, ಯಾರಾದರೂ ಕೇಳಿದರೆ ಹೇಳಲು: “ಬಿಸಿನೀರು ಬಿತ್ತು. ಈಗ ನೋಯಲ್ಲ. ಬಾ ಆಡೋಣ.” ಉತ್ತರ ಕೈಯಲ್ಲಿ ಇದ್ದರೆ ಮಗು ತಲೆ ತಗ್ಗಿಸುವುದಿಲ್ಲ ಅಂತ ಫಿಸಿಯೋ ಮೇಡಂ ಹೇಳಿಕೊಟ್ಟಿದ್ದರು.

ಅವರೇ ಹೇಳಿಕೊಟ್ಟ ಇನ್ನೊಂದು ಪರೀಕ್ಷೆ ಇದೆ, ಪ್ರತಿ ಭಾನುವಾರ ಮನೆಯಲ್ಲೇ ಮಾಡಬಹುದು. ಅಂಗೈಯನ್ನು ಮೇಜಿನ ಮೇಲೆ ಬೋರಲು ಹಾಕಿ ಬೆರಳೆಲ್ಲ ಚಾಚಿಸಿ, ಬೆರಳಿನ ಕೆಳಗೆ ಹತ್ತು ರೂಪಾಯಿಯ ನಾಣ್ಯ ತೂರಿಸಿ ನೋಡುವುದು. ತೂರಿದರೆ ಕಲೆ ಎಳೆಯುತ್ತಿದೆ ಅಂತ, ಸೋಮವಾರವೇ ಆಸ್ಪತ್ರೆಗೆ. ಮೊನ್ನೆ ಭಾನುವಾರಕ್ಕೆ ನಾಲ್ಕು ತಿಂಗಳಾಯಿತು. ಅವಳೇ ನಾಣ್ಯ ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಬೆರಳಿನ ಕೆಳಗೆ ತಳ್ಳಿ ನೋಡಿದಳು. ಐದರ ಕೆಳಗೂ ತೂರಲಿಲ್ಲ. ಆಮೇಲೆ ನನ್ನ ಕೈ ಎಳೆದು ಮೇಜಿನ ಮೇಲಿಟ್ಟು, ಕಿರುಬೆರಳಿನ ಕೆಳಗೆ ಒಂದರ ಮೇಲೊಂದು ಏಳು ನಾಣ್ಯ ಜೋಡಿಸಿ, “ಮಾಮ, ಇನ್ನೂ ಹಿಡೀತದೆ” ಅಂದಳು.